ಕಡಲಿಗೆ ಬೆನ್ನು ಹಾಕಿ ನೋಡುವ ಊರು

ಮೊನ್ನೆ ಕುಕ್ಕರಿಗೆ ಒಂದು ಗ್ಯಾಸ್ಕೆಟ್ ತರಿಸಿದ್ದೆ. ಕುಮಟೆಯ ಪೇಟೆಯಲ್ಲಿ ಯಾವ ಪಾತ್ರೆ ಅಂಗಡಿಗೆ ಹೋದರೂ ಸಿಗುವ ಗ್ಯಾಸ್ಕೆಟ್ಟನ್ನು ಫೋನಿನಲ್ಲಿ ತರಿಸುವುದು ಯಾಕೆ ಎಂದು ನೀವು ಕೇಳಬಾರದು. ನಿವೃತ್ತನಾದವನಿಗೆ ತನ್ನ ಹೆಸರು ಹೇಳಿಕೊಂಡು ಯಾರಾದರೂ ಮನೆ ಹುಡುಕುತ್ತ ಬಂದರೆ ಸಾಕು ಎನ್ನಿಸುತ್ತದೆ. ತಂದುಕೊಡುವವನು ದಾರಿ ಕೇಳಿ ಫೋನ್ ಮಾಡಿದ. ಅರಳಿಕಟ್ಟೆ ಸಿಕ್ಕ ಕೂಡಲೇ ಎಡಕ್ಕೆ ತಿರುಗಿ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. "ಸರ್, ಇಲ್ಲಿ ಐಸ್ ಫ್ಯಾಕ್ಟರಿ ಅದೆ, ಮುಂದೆ ರಸ್ತೆಯೇ ಇಲ್ಲ. ನಿಮ್ಮ ಮನೆ ಇದರ ಒಳಗದ್ಯಾ?"

ನನ್ನ ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಅವನನ್ನು ಬಲಕ್ಕೆ ತಿರುಗಿಸಿ ಮನೆಗೆ ತಂದಳು. ಅವಳು ಹಿರೇಗುತ್ತಿಯವಳು. ಆ ಕಡೆಯವರಿಗೆ ಎಡ ಯಾವುದು ಬಲ ಯಾವುದು ಎನ್ನುವ ಬಗ್ಗೆ ಅನುಮಾನವೇ ಇರುವುದಿಲ್ಲ.

"ನಿಮ್ಮ ಮನೆತನಕ್ಕೇ ಎಡ-ಬಲ ಅಂಬೂದಿಲ್ಲ," ಎಂದಳು. "ಮದ್ವೆ ದಿನವೇ ನಂಗೆ ಗೊತ್ತಾಗಿತ್ತು. ನನ್ನ ಯಾವ ಬದಿಗೆ ಕೂರಿಸೂದು ಅಂತ ಭಟ್ರ ಹತ್ರ ವಾದ ಮಾಡ್ತಾ ಇದ್ರಿ."

ಇದು ನಿಜ. ನಮ್ಮ ಮನೆತನದ ಎಲ್ಲರಿಗೂ ಈ ತೊಂದರೆ ಇದೆ. ನನ್ನ ತಮ್ಮ ಹೊನ್ನಾವರದಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದಾಗ ಗೇರುಸೊಪ್ಪೆಗೆ ಹೊರಟ ಒಂದು ದಿಬ್ಬಣವನ್ನು ಬಂದರಕ್ಕೆ ಇಳಿಸಿದ್ದ. ನಮ್ಮ ತಲೆಯಲ್ಲಿ ಏನೋ ಕೊರತೆ ಇದೆ ಎಂದು ಊರವರು ತಿಳಿದಿದ್ದಾರೆ. ಕೊರತೆ ಏನೂ ಇಲ್ಲ. ನಾವು ಎಡ-ಬಲ ಕಲಿತದ್ದು ಜಪಾನಿನಲ್ಲಿ, ಅಷ್ಟೆ.

ಕಲಿಸಿದವರು ದೊಡ್ಡಪ್ಪ. ನನ್ನ ಅಪ್ಪನ ಅಣ್ಣ. ಧಾರೇಶ್ವರದ ಮನೆಯಲ್ಲಿ ಮಗ-ಸೊಸೆಯ ಜೊತೆ ಈಗಲೂ ಗಟ್ಟಿಮುಟ್ಟಾಗಿದ್ದಾರೆ, ಎಂಬತ್ತು ದಾಟಿದೆ. ಊರಿನಲ್ಲಿ ಸುಬ್ರಾಯ ಎನ್ನುವವರು ಬೇಕಾದಷ್ಟು ಜನ ಇದ್ದಾರೆ, ಜಪಾನ ಸುಬ್ರಾಯಣ್ಣ ಮಾತ್ರ ಒಬ್ಬರೇ. ಪ್ರಾಯದಲ್ಲಿ ಮುಂಬಯಿಗೆ ಹೋಗಿ ಸರಕು ಹಡಗಿನಲ್ಲಿ ಖಲಾಸಿಯಾಗಿ ಸೇರಿದರಂತೆ. ಆ ಹಡಗು ಅದಿರು ಹೊತ್ತು ಜಪಾನಿಗೆ ಹೋಯಿತು, ಬರುವಾಗ ಇಂಜಿನ್ ಕೆಟ್ಟು ಹಮಾಸಾಕಿ ಎಂಬ ಸಣ್ಣ ಕಡಲೂರಿನಲ್ಲಿ ಒಂದಿಡೀ ಬೇಸಿಗೆ ನಿಂತಿತು. ಊರಿಗೆ ಬಂದ ಮೇಲೆ ದೊಡ್ಡಪ್ಪ ಮತ್ತೆ ಹಡಗು ಹತ್ತಲಿಲ್ಲ. ಕಿರಾಣಿ ಅಂಗಡಿ ಇಟ್ಟರು, ಮದುವೆಯಾದರು, ತೆಂಗು ನೆಟ್ಟರು. ಆದರೆ ಆ ಒಂದು ಬೇಸಿಗೆಯನ್ನು ಅವರು ಜೀವನವಿಡೀ ಖರ್ಚು ಮಾಡಿದರು, ಅದು ಮುಗಿಯಲೇ ಇಲ್ಲ.

ಸಂಜೆ ಅಂಗಡಿಗೆ ಬಾಗಿಲು ಹಾಕಿ ದೊಡ್ಡಪ್ಪ ನಮ್ಮನ್ನೆಲ್ಲ ಕಡಲ ಬದಿಗೆ ಕರೆದುಕೊಂಡು ಹೋಗುತ್ತಿದ್ದರು. ಒದ್ದೆ ಮರಳಿನಲ್ಲಿ ತೆಂಗಿನ ಹೆಡೆಯ ಕಡ್ಡಿಯಿಂದ ಹಮಾಸಾಕಿಯನ್ನು ಬರೆಯುತ್ತಿದ್ದರು. ನಾವು ಒಣ ಮರಳಿನಲ್ಲಿ ನಿಂತು ನೋಡಲು ಹೋದರೆ ಬಯ್ಯುತ್ತಿದ್ದರು.

"ಈ ಬದಿಗೆ ಬಂದು ನಿಲ್ರೋ. ಕಡಲಿಗೆ ಬೆನ್ನು ಹಾಕಿ. ಜಪಾನ ನೋಡೂಕೆ ಹೀಗೇ ನಿಲ್ಲಬೇಕು."

ಹಾಗೆ ನಿಂತರೆ ಹಿಂದಿನಿಂದ ಅಲೆ ಬಂದು ಚಡ್ಡಿ ಒದ್ದೆಯಾಗುತ್ತಿತ್ತು. ಆದರೂ ನಿಲ್ಲುತ್ತಿದ್ದೆವು. ಬಲಕ್ಕೆ ಗುಡ್ಡ, ಗುಡ್ಡಕ್ಕೆ ಕಲ್ಲಿನ ಮೆಟ್ಟಿಲು, ಮೇಲೆ ದೇವಸ್ಥಾನ, ಅದರ ಆಚೀಚೆ ಎರಡು ಗಾಳಿಮರ. ನಡುವೆ ಮೀನು ಹರಾಜಿನ ತಗಡಿನ ಮಾಡು. ಅದರ ಪಕ್ಕಕ್ಕೆ ಸಣ್ಣ ಹೊಳೆ, ಹೊಳೆಗೆ ಕೆಂಪು ಸೇತುವೆ. ಎಡಕ್ಕೆ ಬಿಳಿ ಬಂಡೆಯ ಮೇಲೆ ದೀಪಸ್ತಂಭ. ಬರೆದು ಮುಗಿಯುವ ಹೊತ್ತಿಗೆ ಒಂದು ದೊಡ್ಡ ಅಲೆ ಬಂದು ಊರನ್ನು ಅಳಿಸುತ್ತಿತ್ತು. ಮರುದಿನ ದೊಡ್ಡಪ್ಪ ಮತ್ತೆ ಕಟ್ಟುತ್ತಿದ್ದರು. ಕುಮಟಾ ತಾಲೂಕಿನ ನಕ್ಷೆಯನ್ನು ಬರೆಯಲಾರದೆ ನಾನು ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಿದ್ದೇನೆ. ಹಮಾಸಾಕಿಯನ್ನು ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ.

ಅಲ್ಲಿ ಸೂರ್ಯ ಕಡಲಿನಿಂದ ಹುಟ್ಟುತ್ತಾನೆ ಎಂದಾಗ ನಾವು ನಂಬಿರಲಿಲ್ಲ. ನಮ್ಮ ಕಣ್ಣೆದುರಿಗೇ ಅವನು ದಿನಾ ಕಡಲಿನಲ್ಲಿ ಮುಳುಗುತ್ತಿದ್ದ. ಕೊನೆಗೆ ನಮ್ಮ ಅಜ್ಜಿ ಇದನ್ನು ಬಗೆಹರಿಸಿದಳು. "ಇಲ್ಲಿ ಮುಳುಗಿದಂವ ಅಡಿಯಿಂದ ಹೋಗಿ ಅಲ್ಲಿ ಏಳ್ತಾನೆ, ಮತ್ತೆಲ್ಲಿ ಹೋಗ್ತಾ?" ಅಜ್ಜಿಯ ಪ್ರಕಾರ ಹಮಾಸಾಕಿ ಇದ್ದದ್ದು ಅಂಕೋಲೆಯಿಂದ ಸ್ವಲ್ಪ ಮುಂದೆ.

ಭೂಗೋಳದ ನಂತರ ಚರಿತ್ರೆ. ಹಿಂದೆ ಯಾವುದೋ ಕಾಲದಲ್ಲಿ ಗುಡ್ಡದಷ್ಟು ದೊಡ್ಡ ಅಲೆ ಬಂದು ಹಮಾಸಾಕಿಯನ್ನು ನುಂಗಿತಂತೆ. ಉಳಿದವರು ಗುಡ್ಡದ ಅರ್ಧದಲ್ಲಿ ಒಂದು ಕಲ್ಲು ನೆಟ್ಟು, ಇದರ ಕೆಳಗೆ ಯಾರೂ ಮನೆ ಕಟ್ಟಬೇಡಿ ಎಂದು ಕೆತ್ತಿಸಿದರು. ಅವರ ಮಕ್ಕಳು ಆ ಕಲ್ಲಿಗೆ ಭಕ್ತಿಯಿಂದ ಕೈಮುಗಿದು ಕೆಳಗೆ ಇಳಿದು ಮನೆ ಕಟ್ಟಿಕೊಂಡರು. ಅವರೆಂಥ ಬುದ್ಧಿಗೇಡಿಗಳು ಎಂದು ನಾವು ನಕ್ಕರೆ ದೊಡ್ಡಪ್ಪನಿಗೆ ಸಿಟ್ಟು ಬರುತ್ತಿತ್ತು. "ಮೇಲೆ ಕೂತ್ರೆ ದೋಣಿ ಬಂದದ್ದು ಕಾಣ್ತದೇನೋ? ಮೀನು ಹಿಡಿಯೋರು ಮತ್ತೆಂತ ಮಾಡೂದು?" ಈ ಚರಿತ್ರೆಯನ್ನು ಅವರಿಗೆ ಹೇಳಿದವನು ಹಡಗಿಗೆ ತರಕಾರಿ ತರುತ್ತಿದ್ದ ದೋಣಿಯ ಮುದುಕ. ಅವನಿಗೆ ಬರುತ್ತಿದ್ದ ಇಂಗ್ಲಿಷೂ ದೊಡ್ಡಪ್ಪನಿಗೆ ಬರುತ್ತಿದ್ದ ಇಂಗ್ಲಿಷೂ ಸೇರಿ ಒಂದು ಹಿಡಿ ಆಗುತ್ತಿತ್ತೋ ಇಲ್ಲವೋ, ಅಷ್ಟರಲ್ಲೇ ಶತಮಾನಗಳ ಚರಿತ್ರೆ ದಾಟಿ ಬಂದಿತ್ತು.

ಆಮೇಲೆ ಜನಜೀವನ. ಹೆಂಗಸರು ಉಸಿರು ಕಟ್ಟಿ ಕಡಲಿಗೆ ಮುಳುಗಿ ಚಿಪ್ಪು ಹೆಕ್ಕುತ್ತಾರೆ, ಮೇಲೆ ಬಂದಾಗ ಸಿಳ್ಳೆ ಹಾಕಿದಂತೆ ಉಸಿರು ಬಿಡುತ್ತಾರೆ. ಬೊಂಡಾಸು ಮೀನನ್ನು ಬಟ್ಟೆಯ ಹಾಗೆ ಹಗ್ಗಕ್ಕೆ ಹರವುತ್ತಾರೆ. ದಿನಾ ಸಂಜೆ ಊರಿನ ಧ್ವನಿವರ್ಧಕದಲ್ಲಿ ಒಂದೇ ರಾಗ ಬರುತ್ತದೆ, ಅದನ್ನು ಕೇಳಿ ಮಕ್ಕಳು ಆಟ ಬಿಟ್ಟು ಮನೆಗೆ ಹೋಗುತ್ತಾರೆ. ಆ ರಾಗವನ್ನು ದೊಡ್ಡಪ್ಪ ಗುನುಗುತ್ತಿದ್ದರು. ಅವರು ಗುನುಗಲು ಶುರು ಮಾಡಿದರೆ ನಮ್ಮ ಅಜ್ಜಿ ಎದ್ದು ದೇವರಿಗೆ ದೀಪ ಹಚ್ಚುತ್ತಿದ್ದಳು.

ಎಲ್ಲಕ್ಕಿಂತ ರುಚಿಯಾದದ್ದು ಮೆಟ್ಟಿಲ ಮೇಲಿನ ಭಟ್ಟರ ಕತೆ. ದೊಡ್ಡಪ್ಪ ಮೆಟ್ಟಿಲು ಹತ್ತಿ ಹೋದರೆ ಆ ಮುದಿ ಭಟ್ಟರು ಗಂಟೆ ಹೊಡೆಯಲು ಬಿಡುತ್ತಿದ್ದರು, ಪಕ್ಕಕ್ಕೆ ಕೂರಿಸಿಕೊಂಡು ಚಾ ಕೊಡುತ್ತಿದ್ದರು, ನಡುನಡುವೆ ನಶ್ಯ ಏರಿಸಿ ಸೀನುತ್ತಿದ್ದರು. ಕೆಳಗೆ ಶಾವಿಗೆ ಅಂಗಡಿಯ ಮುದುಕಿಯೊಬ್ಬಳು ಕೇಳದೆಯೇ ಎರಡನೇ ಸಲ ಬಡಿಸಿ, "ತಿನ್ನೋ, ಸೊರಗಿ ಕಡ್ಡಿ ಆಗಿದೀಯ" ಎಂದು ಗದರುತ್ತಿದ್ದಳು. ಯಾವ ಭಾಷೆಯಲ್ಲಿ ಗದರುತ್ತಿದ್ದಳು ಎಂದು ನಾನೊಮ್ಮೆ ಕೇಳಿದೆ. ಹೊಟ್ಟೆಗೆ ಹಾಕುವವರ ಭಾಷೆ ಎಲ್ಲ ಕಡೆ ಒಂದೇ ಎಂದರು. ನಶ್ಯ ಏರಿಸಿ ಸೀನುವ ಭಟ್ಟರು ನಮ್ಮ ಊರಿನಲ್ಲೂ ಒಬ್ಬರಿದ್ದರು. ಸೊರಗಿದ್ದೀಯ ಎಂದು ಗದರುವ ಮುದುಕಿ ನಮ್ಮ ಮನೆಯಲ್ಲೇ ಇದ್ದಳು. ಲೋಕವೆಲ್ಲ ಧಾರೇಶ್ವರದ ಹಾಗೇ ಇರುತ್ತದೆ ಎನ್ನುವುದು ಆ ವಯಸ್ಸಿನಲ್ಲಿ ನನಗೆ ಸಮಾಧಾನದ ಸಂಗತಿಯಾಗಿತ್ತು.

ಜಪಾನು ಕಂಡವರು ಎಂಬ ಕಾರಣಕ್ಕೆ ದೊಡ್ಡಪ್ಪನ ಮಾತಿಗೆ ಊರಿನಲ್ಲಿ ಬೇರೆಯೇ ಬೆಲೆ. ಬೇಲಿ ತಕರಾರಿಗೆ ಅವರು ಬೇಕು. ಹುಡುಗಿ ನೋಡಲು ಹೋಗುವಾಗ ಅವರು ಬೇಕು. ಕಡಲಕೊರೆತಕ್ಕೆ ಕಲ್ಲು ಹಾಕಲು ಬಂದ ಇಂಜಿನಿಯರಿಗೂ "ಹಮಾಸಾಕಿಯಲ್ಲಿ ಹೀಗಲ್ಲ" ಎಂದು ಹೇಳಿದರು, ಅವನು ತಲೆಯಾಡಿಸಿ ತನ್ನ ಮನಸ್ಸಿಗೆ ಬಂದ ಹಾಗೆ ಹಾಕಿಸಿ ಹೋದ. ಆ ಕಲ್ಲು ಮುಂದಿನ ಮಳೆಗಾಲದಲ್ಲಿ ಕಡಲಿಗೆ ಹೋದಾಗ ದೊಡ್ಡಪ್ಪನ ಬೆಲೆ ಇನ್ನೂ ಏರಿತು.

ಹೀಗೆ ಅರ್ಧ ಶತಮಾನ ಯಾರ ಕಾಟವೂ ಇಲ್ಲದೆ ನಡೆಯಿತು. ಆಮೇಲೆ ಅವರ ಸ್ವಂತ ಮೊಮ್ಮಗಳೇ ಜಪಾನಿಗೆ ಹೊರಟಳು.

ಸಹನಾ ನರ್ಸಿಂಗ್ ಓದಿ ಭಟ್ಕಳದ ಒಂದು ಆಸ್ಪತ್ರೆಯಲ್ಲಿ ಇದ್ದಳು. ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲೂ ಸಮಾಧಾನ ಹೇಳಿ ಸೂಜಿ ಚುಚ್ಚುತ್ತಿದ್ದವಳಿಗೆ ಜಪಾನಿ ಕಲಿಯುವುದು ಅಂಥ ಕಷ್ಟವಾಗಲಿಲ್ಲ. ಅಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವವರು ಕಡಿಮೆಯಂತೆ. ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಫೋನಿನ ನಕ್ಷೆ ತೆರೆದು ನೋಡಿದರೆ ಹಮಾಸಾಕಿಗೆ ಅಲ್ಲಿಂದ ರೈಲಿನಲ್ಲಿ ಸ್ವಲ್ಪವೇ ದಾರಿ. ಮನೆಯವರೆಲ್ಲ ಕುಣಿದಾಡಿದರು. ದೊಡ್ಡಪ್ಪ ಮಾತ್ರ ಅನ್ನದ ಬಟ್ಟಲು ಸರಿಸಿ ಎದ್ದರು.

"ಅಷ್ಟು ದೂರ ಎಂತಕೆ ಹೋಗೂದು? ಭಟ್ಕಳದಲ್ಲಿ ಮುದುಕರು ಇಲ್ಲದ್ಯಾ?"

"ಅಜ್ಜ, ಜಪಾನ ಜಪಾನ ಅಂತ ದಿನಾ ಹೇಳೋರು ನೀವೇ ಅಲ್ದಾ?"

"ಹೇಳೂದು ಬೇರೆ, ಹೋಗೂದು ಬೇರೆ."

ಮೊಮ್ಮಗಳ ಮೇಲಿನ ಮಾಯೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಅವಳು ಹೋದಳು. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಊಟ ಆಯಿತೇ, ಚಳಿಯೇ ಎಂದು ಎಲ್ಲರೂ ವಿಚಾರಿಸಿದ ಮೇಲೆ ದೊಡ್ಡಪ್ಪ ಫೋನ್ ತೆಗೆದುಕೊಂಡು ಒಂದೇ ಮಾತು ಕೇಳುತ್ತಿದ್ದರು. "ರಜೆ ಯಾವಾಗ?" ರಜೆ ಇಲ್ಲ ಎಂದರೆ ಅವರ ಮುಖ ಅರಳುತ್ತಿತ್ತು. ಇದೆ ಎಂದರೆ ಹಮಾಸಾಕಿಗೆ ಮಾತ್ರ ಹೋಗಬೇಡ, ಅದು ಈಗ ಮೊದಲಿನ ಹಾಗೆ ಉಳಿದಿಲ್ಲ, ಸುಮ್ಮನೆ ಬೇಜಾರಾಗುತ್ತದೆ ಎಂದು ಬುದ್ಧಿ ಹೇಳುತ್ತಿದ್ದರು. ಇಲ್ಲಿ ಕೂತು ಅಲ್ಲಿನ ಸುದ್ದಿ ಅವರಿಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಲಿಲ್ಲ.

ನನಗೆ ಆಗಲೇ ಸಂಶಯ ಬಂದಿತ್ತು. ಊರಿನ ಕೆಲವರಿಗೂ ಬಂದಿತ್ತು. ಕ್ಷೌರದ ಅಂಗಡಿಯಲ್ಲಿ ಯಾರೋ "ಈಗ ಗೊತ್ತಾಗ್ತದೆ, ಸುಬ್ರಾಯಣ್ಣ ಜಪಾನ ಕಂಡಾರೋ ಮುಂಬಯಿಂದಲೇ ತಿರುಗಿ ಬಂದಾರೋ ಅಂತ" ಎಂದು ನಕ್ಕರಂತೆ. ದೊಡ್ಡಪ್ಪ ಕ್ಷೌರಕ್ಕೆ ಹೋಗುವುದನ್ನೇ ಬಿಟ್ಟರು. ಗಡ್ಡ ಬೆಳೆಸಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದರು. ಸಂಜೆಯ ರಾಗವೂ ನಿಂತಿತು. ಎಂಬತ್ತು ದಾಟಿದ ಮೇಲೆ ಮನುಷ್ಯನಿಗೆ ತಾನು ಹೇಳಿದ ಕತೆ ಬಿಟ್ಟರೆ ಬೇರೆ ಆಸ್ತಿ ಏನಿರುತ್ತದೆ ಹೇಳಿ. ಅದನ್ನು ಮೊಮ್ಮಗಳೇ ಜಪ್ತಿ ಮಾಡುವ ಹೊತ್ತು ಬಂದಿತ್ತು. ನನಗೆ ನಿಜವಾಗಿ ಕೆಡುಕೆನಿಸಿತು.

ಆ ಭಾನುವಾರ ಊಟಕ್ಕೆಂದು ನಾನೂ ಹೆಂಡತಿಯೂ ಧಾರೇಶ್ವರಕ್ಕೆ ಹೋಗಿದ್ದೆವು. ಪಕ್ಕದ ಮನೆಯ ಗೋಯ್ದಣ್ಣನೂ ಬಂದು ಕೂತಿದ್ದ. ಅವನು ಹೊನ್ನಾವರ ಬಂದರದ ಒಂದು ಬೋಟಿಗೆ ತಾಂಡೇಲ. ಅಂದರೆ ಬೋಟು ನಡೆಸುವವನು. ಎಲ್ಲಿ ಬಲೆ ಬಿಡಬೇಕೆಂದು ಹೇಳುವವನೂ ಅವನೇ. ಉಂಡು ಕವಳ ಹಾಕುವಾಗ ಫೋನ್ ಬಂತು. ಸಹನಾಳ ಹಿಂದೆ ತಗಡಿನ ಮಾಡು ಕಾಣಿಸುತ್ತಿತ್ತು.

"ಅಜ್ಜ, ಎಲ್ಲಿದ್ದೆ ಹೇಳಿ ನೋಡ್ವಾ? ಹಮಾಸಾಕಿ! ಮೀನು ಹರಾಜಿನ ಜಾಗ!"

ಜಗಲಿಯವರೆಲ್ಲ ಒಂದೇ ಫೋನಿಗೆ ಮುಗಿಬಿದ್ದೆವು. ದೊಡ್ಡಪ್ಪ ಮಾತ್ರ ಕೂತಲ್ಲೇ ಕೂತಿದ್ದರು. ಅವರ ಕೈಯಲ್ಲಿದ್ದ ಅಡಕತ್ತರಿ ಅರ್ಧ ತೆರೆದ ಬಾಯಿ ಹಾಗೇ ಬಿಟ್ಟುಕೊಂಡಿತ್ತು.

"ಸ್ಟೇಷನ್ನಿಂದ ನಡೆದು ಬಂದೆ ಅಜ್ಜ. ಆದ್ರೆ ಎಂತದೋ ತಪ್ಪಾಗಿದೆ," ಎಂದಳು ಸಹನಾ. "ಕಡಲು ಎದುರಿಗದೆ. ಮೆಟ್ಲು, ದೇವಸ್ಥಾನದ ಗುಡ್ಡ ಬಲಕ್ಕೆ ಅಂತ ಹೇಳ್ತಿದ್ರಿ. ಇಲ್ಲಿ ನೋಡಿದ್ರೆ ಎಡಕ್ಕದೆ. ದೀಪಸ್ತಂಭ ಬಲಕ್ಕದೆ. ಎಲ್ಲ ಉಲ್ಟಾ!"

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಜಪಾನಿನಲ್ಲಿ ಎಲ್ಲ ಉಲ್ಟಾ ಇರುತ್ತದೆ, ಪುಸ್ತಕವನ್ನೂ ಹಿಂದಿನಿಂದ ಓದುತ್ತಾರೆ ಎಂದು ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಮೂಲೆಯಿಂದ ದೊಡ್ಡಪ್ಪನ ಧ್ವನಿ ಬಂತು. ಅದರಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನಗಳ ಮೇಲೆ ಹಳೆಯ ಗದರಿಕೆ ಇತ್ತು.

"ತಿರುಗು. ಕಡಲಿಗೆ ಬೆನ್ನು ಹಾಕು. ಜಪಾನ ನೋಡೂಕೆ ಹೀಗೇ ನಿಲ್ಲಬೇಕು ಅಂತ ಎಷ್ಟು ಸಲ ಹೇಳಿಲ್ಲ?"

ಅವಳು ದೋಣಿ ಕಟ್ಟುವ ದಕ್ಕೆಯ ತುದಿಗೆ ಹೋಗಿ ತಿರುಗಿದಳು. ಫೋನಿನಲ್ಲಿ ಊರು ಮೆಲ್ಲಗೆ ಸರಿದು ನಿಂತಿತು. ಬಲಕ್ಕೆ ಗುಡ್ಡ, ಮೆಟ್ಟಿಲು, ಎರಡರಲ್ಲಿ ಒಂದು ಗಾಳಿಮರ. ನಡುವೆ ತಗಡಿನ ಮಾಡು, ಸೇತುವೆ. ಎಡಕ್ಕೆ ದೀಪಸ್ತಂಭ. ಮರಳಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ನಾನು ಬಾಯಿಪಾಠ ಮಾಡಿದ ಊರು, ಆ ಒಂದು ಮರ ಬಿಟ್ಟರೆ ಒಂದು ಗೆರೆಯೂ ತಪ್ಪದೆ ಇತ್ತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಗೋಯ್ದಣ್ಣ ಕವಳ ಉಗುಳಿ ಬಂದು ನಿಧಾನವಾಗಿ ಹೇಳಿದ. "ನಾವೂ ದಡ ನೋಡೂದು ಹೀಗೇಯ. ಗುಡ್ಡಕ್ಕೂ ಗುಡಿಗೂ ಗುರುತು ಹಿಡ್ಕಂಡು ಬಲೆ ಬಿಡೂದು. ದೋಣಿಯಲ್ಲಿ ಕೂತಂವಂಗೆ ಊರು ಅಂದ್ರೆ ಇದೇ ಬದಿ."

ನನ್ನ ಚಪ್ಪಾಳೆ ಅಲ್ಲಿಗೇ ನಿಂತಿತು. ದಡಕ್ಕೆ ಇಳಿದವನು ಯಾರೂ ಊರನ್ನು ಒಂದೇ ಬದಿಯಿಂದ ನೆನಪಿಟ್ಟುಕೊಳ್ಳುವುದಿಲ್ಲ. ಬೀದಿಯಲ್ಲಿ ನಡೆದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ದೊಡ್ಡಪ್ಪನ ಹಮಾಸಾಕಿಗೆ ಒಂದೇ ಬದಿ ಇತ್ತು. ಹಡಗಿನ ಕಾಗದಪತ್ರದ ತಕರಾರೋ, ಇಳಿಯುವ ಚೀಟಿ ಸಿಗಲಿಲ್ಲವೋ, ಆ ಬೇಸಿಗೆಯಿಡೀ ಅವರು ಕಟಕಟೆ ಹಿಡಿದುಕೊಂಡು ಆ ಊರನ್ನು ನೋಡುತ್ತ ನಿಂತಿದ್ದರು. ಬೊಂಡಾಸಿನ ಹಗ್ಗ ಕಂಡದ್ದು, ಸಂಜೆಯ ರಾಗ ಕೇಳಿದ್ದು, ಮುಳುಗುವ ಹೆಂಗಸರ ಉಸಿರು, ಎಲ್ಲ ಅಲ್ಲಿಂದಲೇ. ಕಾಣದ್ದನ್ನು ಧಾರೇಶ್ವರದಿಂದ ತುಂಬಿಕೊಂಡಿದ್ದರು. ಇದು ನನಗೆ ಹೊಳೆದ ಹಾಗೇ ಅಲ್ಲಿ ಸಹನಾಳಿಗೂ ಹೊಳೆದಿರಬೇಕು.

ದೊಡ್ಡಪ್ಪ ಆಗ ಎದ್ದು ಬಂದರು. ನಮ್ಮನ್ನೆಲ್ಲ ಬದಿಗೆ ಸರಿಸಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ನೋಡಿದರು. ಸುತ್ತ ಜನ ಇದ್ದಾರೆ ಎನ್ನುವುದೂ, ತಾವು ಇಷ್ಟು ವರ್ಷ ಏನೇನು ಹೇಳಿದ್ದೆವು ಎನ್ನುವುದೂ ಅವರಿಗೆ ಮರೆತುಹೋಯಿತೆಂದು ಕಾಣುತ್ತದೆ.

"ಮಗಾ, ಆ ಮೆಟ್ಲು ಹತ್ತಿದ್ರೆ," ಎಂದರು, "ಮೇಲೆ ಎಂತ ಅದೆ?"

ಮೇಲೆ ಏನಿದೆ ಎಂದು ನಮಗೆಲ್ಲ ಗೊತ್ತಿತ್ತು, ಹೇಳಿಕೊಟ್ಟವರು ಅವರೇ. ನನ್ನ ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

"ಹತ್ತಿ ನೋಡ್ತೆ ಅಜ್ಜ," ಎಂದಳು ಸಹನಾ.

ಹತ್ತಿದಳು. ನಮಗೆ ಕಂಡದ್ದು ಅವಳ ಬೂಟು, ಪಾಚಿ ಹಿಡಿದ ಕಲ್ಲು, ಕೇಳಿದ್ದು ಏದುಸಿರು. ಮೇಲೆ ಹೋಗಿ ಮೊದಲು ಫೋನನ್ನು ಕಡಲಿನ ಕಡೆ ತಿರುಗಿಸಿದಳು. ಖಾಲಿ ನೀರು, ದೂರದಲ್ಲಿ ಒಂದು ಸಣ್ಣ ದೋಣಿ.

"ನಿಮ್ಮ ಹಡಗು ಎಲ್ಲಿ ನಿಂತಿತ್ತು ಅಜ್ಜ?"

ದೊಡ್ಡಪ್ಪ ಫೋನಿನ ಗಾಜಿನ ಮೇಲೆ ಒಂದು ಕಡೆ ಬೆರಳಿಟ್ಟರು. ಬೆರಳಿಟ್ಟ ಕೂಡಲೇ ಚಿತ್ರ ದೊಡ್ಡದಾಗಿಯೋ ಸಣ್ಣದಾಗಿಯೋ ಏನೋ ಆಯಿತು, ಅವರು ಬೆರಳು ತೆಗೆಯಲಿಲ್ಲ. "ಇಲ್ಲಿ," ಎಂದರು. "ಇಲ್ಲೇ ಇದ್ದೆ ನಾನು."

ಆಮೇಲೆ ಅವಳು ಫೋನನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡಳು. ತಿರುಗುವಾಗ ಒಂದು ಕ್ಷಣ ನನಗೆ ಹಿಂದಿನದು ಕಂಡಿತು: ಬಾಗಿಲು ಹಾಕಿದ ಪುಟ್ಟ ಗುಡಿ, ಒಂದು ಬೆಂಚು, ನಾಣ್ಯ ಹಾಕಿದರೆ ತಂಪು ಪಾನೀಯ ಬೀಳುವ ಕೆಂಪು ಪೆಟ್ಟಿಗೆ. ಗಂಟೆ ಕಾಣಲಿಲ್ಲ. ನರಪಿಳ್ಳೆ ಇರಲಿಲ್ಲ. ಸಹನಾ ಹಣೆಯ ಬೆವರು ಒರೆಸಿಕೊಂಡಳು. ಆಸ್ಪತ್ರೆಯಲ್ಲಿ ಮೂರು ಭಾಷೆಯಲ್ಲಿ ಬಳಸುತ್ತಿದ್ದ ಧ್ವನಿಯನ್ನು ತೆಗೆದಳು.

"ಗಂಟೆ ಅದೆ ಅಜ್ಜ, ನೀವು ಹೇಳಿದಾಂಗೇಯ. ಭಟ್ರು ಮಾತ್ರ ಈಗಿಲ್ಲ. ತೀರಿಹೋದ್ರಂತೆ. ಅವ್ರ ಮಗ ಸಿಕ್ಕಿದ್ರು. ಇಂಡಿಯಾದ ಖಲಾಸಿ ಒಬ್ಬ ಬಂದು ಚಾ ಕುಡೀತಿದ್ದ ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ರಂತೆ."

ಸುಳ್ಳಿಗೂ ಒಂದು ಅಳತೆ ಬೇಕು. ದೊಡ್ಡಪ್ಪ ಏನು ಮಾಡುತ್ತಾರೆ ಎಂದು ನಾನು ಹೆದರಿಕೊಂಡೇ ನೋಡಿದೆ. ಆ ಭಟ್ಟರನ್ನು ನಶ್ಯ ಸಮೇತ ಹುಟ್ಟಿಸಿದವರು ಅವರು. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಫೋನನ್ನು ಸೊಸೆಯ ಕೈಗೆ ಕೊಟ್ಟರು. ಗಡ್ಡ ಸವರಿಕೊಂಡರು.

"ಹೌದಾ," ಎಂದರು. "ಆತು. ಒಳ್ಳೆ ಮನುಷ್ಯ ಆಗಿದ್ದ."

ಹೆಗಲಿಗೆ ಪಂಚೆ ಹಾಕಿಕೊಂಡು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ತಣ್ಣೀರು ಮೈಮೇಲೆ ಸುರಿದುಕೊಳ್ಳುವ ಸದ್ದು ಬಂತು, ಒಂದರ ಮೇಲೊಂದು ತಂಬಿಗೆ. ಅವರ ಸೊಸೆ ಫೋನ್ ಹಿಡಿದುಕೊಂಡೇ ಗಾಬರಿಯಾಗಿ ನನ್ನನ್ನು ಕೇಳಿದಳು.

"ಬೆಳಿಗ್ಗೆ ಸ್ನಾನ ಆಗಿತ್ತಲ್ಲ. ಉಂಡ ಮೇಲೆ ಎಂತಕೆ ಮೀತಾ ಇದ್ರು?"

"ಸುದ್ದಿ ಕೇಳಿದ ಮೇಲೆ ಮೀಯಬೇಕಲ್ಲ," ಎಂದೆ ನಾನು. "ಹಮಾಸಾಕಿಯಲ್ಲಿ ಅವರ ಕಡೆಯವರೊಬ್ಬರು ತೀರಿಹೋಗಿದ್ದಾರೆ."